ಶರಣಪ್ಪನ ತಾರೀಖು

ಮೂರು ವರ್ಷದ ಹಿಂದೆ ಇದೇ ಜಾಗದಲ್ಲಿ ಒಬ್ಬ ಮನುಷ್ಯನ ಉಗುರಿನ ಬಗ್ಗೆ ಬರೆದಿದ್ದೆ. ನೀವೆಲ್ಲ ನಕ್ಕಿದ್ದಿರಿ.

ನಕ್ಕಿದ್ದು ನನಗೆ ಗೊತ್ತು. ಈ ಅಂಕಣ ಶುರುವಾದ ಮೇಲೆ ಬೇರೆ ಯಾವ ಬರಹಕ್ಕೂ ಅಷ್ಟು ಮೆಸೇಜು ಬಂದಿರಲಿಲ್ಲ. ಬೀದರಿನಿಂದ ಒಬ್ಬರು ಫೋನ್ ಮಾಡಿ, "ಸರ, ಇಂಥವು ವಾರಕ್ಕೊಂದು ಕೊಡ್ರಿ" ಎಂದಿದ್ದರು. ನಾನು ಒಂದು ವಾರ ಉಬ್ಬಿಕೊಂಡೇ ಓಡಾಡಿದ್ದೆ.

ಓದದವರಿಗಾಗಿ, ಮರೆತವರಿಗಾಗಿ ಆ ಕತೆ ಇನ್ನೊಮ್ಮೆ. (ಮರೆತವರೇ ಪುಣ್ಯವಂತರು.)

ಮೂವತ್ತೈದು ವರ್ಷದ ಹಿಂದಿನ ಮಾತು. ನಾನು ಹೈದರಾಬಾದಿನ ಒಂದು ವಿಶ್ವವಿದ್ಯಾಲಯದಲ್ಲಿ ಖಗೋಳ ವಿಜ್ಞಾನ ಓದುತ್ತಿದ್ದೆ. ಊರಾಚೆ ನಮ್ಮದೊಂದು ಟೆಲಿಸ್ಕೋಪ್ ಇತ್ತು. ಆಗ ಆಕಾಶದ ಫೋಟೋ ತೆಗೆಯುತ್ತಿದ್ದುದು ಗಾಜಿನ ಪ್ಲೇಟಿನ ಮೇಲೆ. ಟೆಲಿಸ್ಕೋಪು ನಕ್ಷತ್ರಗಳ ಜೊತೆಜೊತೆಗೇ ತಿರುಗುತ್ತಿರುತ್ತದೆ, ಹಾಗಾಗಿ ಪ್ಲೇಟು ತೊಳೆದಾಗ ನಕ್ಷತ್ರಗಳು ಕಪ್ಪು ಚುಕ್ಕಿಗಳಾಗಿ ಮೂಡುತ್ತವೆ. ನಡುವೆ ಯಾವುದಾದರೂ ಕ್ಷುದ್ರಗ್ರಹ ಸಿಕ್ಕಿಬಿದ್ದರೆ ಅದು ಚುಕ್ಕಿಯಾಗುವುದಿಲ್ಲ. ತನ್ನ ಪಾಡಿಗೆ ನಡೆಯುತ್ತಿರುವುದರಿಂದ ಸಣ್ಣ ಗೆರೆಯಾಗುತ್ತದೆ.

ಆ ಪ್ಲೇಟು ತೊಳೆಯುತ್ತಿದ್ದವನು ಶರಣಪ್ಪ. ಸೇಡಂ ಕಡೆಯವನು. ಟೆಲಿಸ್ಕೋಪಿನ ಗುಮ್ಮಟ ಕಟ್ಟುವ ಗಾರೆ ಕೆಲಸಕ್ಕೆ ಬಂದು, ಕಟ್ಟಿ ಮುಗಿದ ಮೇಲೆ ಅಲ್ಲೇ ಅಟೆಂಡರ್ ಆಗಿ ಉಳಿದವನು. ಗುಮ್ಮಟ ತಿರುಗಿಸುವುದು, ಪ್ಲೇಟು ತೊಳೆಯುವುದು, ರಿಜಿಸ್ಟರಿನಲ್ಲಿ ತಾರೀಖು, ವೇಳೆ, ಥಂಡಿ ಎಷ್ಟಿತ್ತು ಎಂದು ಬರೆಯುವುದು ಅವನ ಕೆಲಸ.

ಒಂದು ಸಲ ಒಂದರ ಹಿಂದೊಂದು ಎರಡು ರಾತ್ರಿ ತೆಗೆದ ಎರಡು ಪ್ಲೇಟಿನಲ್ಲಿ ಒಂದೊಂದು ಸಣ್ಣ ಗೆರೆ ಕಾಣಿಸಿತು. ಮಂಗಳ ಮತ್ತು ಗುರು ಗ್ರಹಗಳ ನಡುವೆ ಲಕ್ಷಗಟ್ಟಲೆ ಕಲ್ಲುಗಳು ಸುತ್ತುತ್ತಿವೆಯಲ್ಲ, ಅವುಗಳಲ್ಲಿ ಒಂದು. ಹಳೆಯ ದಾಖಲೆಗಳನ್ನು ಹುಡುಕಿದೆವು. ಅದನ್ನು ಯಾರೂ ನೋಡಿರಲಿಲ್ಲ. ಇಡೀ ವಿಭಾಗ ಕುಣಿಯಿತು.

ಆದರೆ ಕಂಡ ಮಾತ್ರಕ್ಕೆ ಕಂಡುಹಿಡಿದಂತಲ್ಲ. ಅದರ ಕಕ್ಷೆ ಹಾಕಬೇಕು. ಅದಕ್ಕೆ ಕನಿಷ್ಠ ಇನ್ನೊಂದು ರಾತ್ರಿ ಅದು ಸಿಗಬೇಕು. ಮೋಡ ಬಂತು. ಒಂದು ವಾರದ ಮೇಲೆ ಆಕಾಶ ತಿಳಿಯಾಯಿತು. ಲೆಕ್ಕ ಹೇಳಿದ ಜಾಗಕ್ಕೆ ಟೆಲಿಸ್ಕೋಪ್ ತಿರುಗಿಸಿದೆವು. ಅಲ್ಲಿ ಏನೂ ಇರಲಿಲ್ಲ.

ನಮ್ಮ ಪ್ರೊಫೆಸರು ಸಿಟ್ಟಿನ ಮನುಷ್ಯ. "ಎರಡು ಪ್ಲೇಟಿನಲ್ಲೂ ಗೆರೆ. ಎರಡನ್ನೂ ತೊಳೆದ ಕೈ ಯಾವುದು?" ಎಂದರು. ಶರಣಪ್ಪನ ಉಗುರು ತಾಗಿ ಬಿದ್ದ ಗೀರು ಅದು ಎಂದು ತೀರ್ಮಾನವಾಯಿತು. ಅಲ್ಲದೆ ಆ ಮನುಷ್ಯ ತಾರೀಖನ್ನೂ ತಪ್ಪು ಬರೆಯುತ್ತಿದ್ದ. ನಡುರಾತ್ರಿ ದಾಟಿದರೂ ರಿಜಿಸ್ಟರಿನಲ್ಲಿ ನಿನ್ನೆಯ ತಾರೀಖೇ! ಅಂಥವನ ಕೈಯನ್ನು ನಂಬುವುದು ಹೇಗೆ? ಅವನನ್ನು ಗುಮ್ಮಟದಿಂದ ತೆಗೆದು ಗೇಟಿನ ಕಾವಲಿಗೆ ಹಾಕಿದರು.

'ಉಗುರಿನಿಂದ ಹುಟ್ಟಿದ ಗ್ರಹ' ಎಂದು ತಲೆಬರಹ ಕೊಟ್ಟಿದ್ದೆ. ಅವನ ಹೆಸರು ಹಾಕಿದ್ದೆ. ಊರು ಕೂಡ ಹಾಕಿದ್ದೆ.

ಚೆನ್ನಾಗಿದೆ, ಅಲ್ಲವೇ? ತೊಂದರೆ ಒಂದೇ. ಅದು ಉಗುರಲ್ಲ. ಗ್ರಹ.

ಹೋದ ತಿಂಗಳು ಶ್ರಾವಣಿ ಎಂಬ ಹುಡುಗಿ ಫೋನ್ ಮಾಡಿದಳು. ಸಂಶೋಧನೆ ಮಾಡುತ್ತಿದ್ದಾಳೆ. ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ ನಮ್ಮ ಕಾಲದ ಪ್ಲೇಟುಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡುವುದು ಅವಳ ಕೆಲಸ. ಪ್ರತಿ ಪ್ಲೇಟನ್ನೂ ಒಂದು ಕಾಗದದ ಲಕೋಟೆಯಲ್ಲಿ ಹಾಕಿಟ್ಟಿರುತ್ತೇವೆ. ಮೇಲೆ ತಾರೀಖು, ವೇಳೆ, ತೆಗೆದವನ ಸಹಿ. ಆ ಸಹಿ ಹಿಡಿದು ನನ್ನನ್ನು ಹುಡುಕಿದ್ದಳು.

ಹಿಮಾಯತ್‌ನಗರದ ಒಂದು ಟಿಫಿನ್ ಹೋಟೆಲಿನಲ್ಲಿ ಕೂತೆವು. ದೋಸೆಯ ತಟ್ಟೆ ಸರಿಸಿ ಲ್ಯಾಪ್‌ಟಾಪ್ ತೆರೆದಳು. (ಅವಳದು ತೆಲುಗು, ನನ್ನದು ಅರ್ಧ ಹಿಂದಿ. ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.)

"ಸರ್, ಈ ಗೆರೆ ನೋಡಿ."

ನೋಡಿದೆ. ಮೂವತ್ತೈದು ವರ್ಷದ ಮೇಲೆ ಹಳೆಯ ಗೆಳೆಯನನ್ನು ಟ್ರಾಫಿಕ್ಕಿನಲ್ಲಿ ಕಂಡಂತಾಯಿತು.

"ಅದು ಬರೀ ಗೀರು, ಅಮ್ಮ" ಎಂದೆ. "ನಮ್ಮ ಅಟೆಂಡರನ ಉಗುರು."

"ಗೀರಾದರೆ ರಾಸಾಯನಿಕದ ಪದರ ಕಿತ್ತು ಗಾಜು ಕಾಣಬೇಕಲ್ಲ ಸರ್? ಇಲ್ಲಿ ಪದರ ಹಾಗೇ ಇದೆ. ಕಪ್ಪಾಗಿದೆ. ಬೆಳಕು ಬಿದ್ದದ್ದು ಇದು."

ಉಪ್ಪಿಟ್ಟಿನ ಚಮಚ ಕೆಳಗಿಟ್ಟೆ. ಇಷ್ಟು ಸುಲಭವಾದದ್ದನ್ನು ಆಗ ನಮ್ಮಲ್ಲಿ ಯಾರೂ ಭೂತಗನ್ನಡಿ ಹಿಡಿದು ನೋಡಲಿಲ್ಲವೇ? ನೋಡಿದ್ದೆವೇ? ನನಗೆ ನೆನಪಿಲ್ಲ.

ಶ್ರಾವಣಿ ಮುಂದುವರಿದಳು. ನಾವು ಕಳೆದುಕೊಂಡ ಕಲ್ಲನ್ನು ಹತ್ತು ವರ್ಷದ ನಂತರ ವಿದೇಶದ ಒಂದು ದೊಡ್ಡ ಟೆಲಿಸ್ಕೋಪ್ ಹಿಡಿಯಿತು. ರಾತ್ರಿ ಮೇಲೆ ರಾತ್ರಿ ಬೆನ್ನು ಹತ್ತಿ ಕಕ್ಷೆ ಹಾಕಿದರು. ಸೂರ್ಯನನ್ನು ಒಂದು ಸುತ್ತು ಹಾಕಲು ಅದಕ್ಕೆ ನಾಲ್ಕೂವರೆ ವರ್ಷ ಬೇಕು. ಈಗ ಅದಕ್ಕೊಂದು ನಂಬರು ಇದೆ, ಹೆಸರಿನ್ನೂ ಇಟ್ಟಿಲ್ಲ. ಹಿಮಾಯತ್‌ನಗರದಿಂದ ಹೊರಟರೆ ಬೇಗಂ ಬಜಾರ್ ದಾಟಿ ಇನ್ನಷ್ಟು ಮುಂದೆ ಹೋದಷ್ಟು ಅಗಲ ಇರಬಹುದು. ಕಂಡುಹಿಡಿದ ಕೀರ್ತಿ ಅವರದು. ನಮ್ಮ ಹಳೆಯ ಪ್ಲೇಟಿನಿಂದ ಆಗುವ ಪ್ರಯೋಜನ ಒಂದೇ: ಅದು ಮೂವತ್ತೈದು ವರ್ಷದ ಹಿಂದೆ ಎಲ್ಲಿತ್ತು ಎಂದು ಗೊತ್ತಾದರೆ ಕಕ್ಷೆ ಇನ್ನಷ್ಟು ನಿಖರವಾಗುತ್ತದೆ.

"ಕಕ್ಷೆಯನ್ನು ಹಿಂದಕ್ಕೆ ಓಡಿಸಿ ನೋಡಿದೆ ಸರ್. ಮೊದಲ ರಾತ್ರಿಯ ಪ್ಲೇಟು ಕೂದಲೆಳೆಯಷ್ಟೂ ತಪ್ಪಿಲ್ಲ. ಎರಡನೆಯದು ಮಾತ್ರ ಕೂಡುತ್ತಿಲ್ಲ. ಲಕೋಟೆಯ ಮೇಲೆ ಹತ್ತನೇ ತಾರೀಖು ಅಂತಿದೆ. ಹತ್ತಕ್ಕೆ ಈ ಗ್ರಹ ಅಲ್ಲಿರಲಿಲ್ಲ. ಒಂಬತ್ತು ಅಂತ ಹಾಕಿದರೆ ಗೆರೆಯ ಮೇಲೇ ಬಂದು ಕೂರುತ್ತದೆ. ಒಕ್ಕ ನಿಮಿಷಂ ಸರ್, ಈ ಹತ್ತು ಯಾರ ಕೈಬರಹ?"

ನನ್ನದು. ಕೆಳಗೆ ನನ್ನದೇ ಸಹಿ.

ಇಲ್ಲಿ ಒಂದು ಸಣ್ಣ ಪಾಠ ಹೇಳಬೇಕು, ಕ್ಷಮಿಸಿ. ಖಗೋಳದವರೆಲ್ಲ ಬರೆಯುವುದು ಗ್ರೀನ್‌ವಿಚ್ ವೇಳೆಯನ್ನು. ಅದು ನಮಗಿಂತ ಐದೂವರೆ ಗಂಟೆ ಹಿಂದೆ. ಗುಮ್ಮಟದ ಗೋಡೆಯ ಮೇಲೆ ಅಂಥದೊಂದು ಗಡಿಯಾರವಿತ್ತು. ನಮ್ಮಲ್ಲಿ ಹತ್ತನೇ ತಾರೀಖು ಶುರುವಾಗಿ ರಾತ್ರಿ ಒಂದೂವರೆ ಆಗಿದ್ದಾಗ, ಆ ಗಡಿಯಾರದಲ್ಲಿ ಇನ್ನೂ ಒಂಬತ್ತನೇ ತಾರೀಖಿನ ರಾತ್ರಿ ಎಂಟು. ವೇಳೆ ಅದರದ್ದು ಬರೆದರೆ ತಾರೀಖೂ ಅದರದ್ದೇ ಬರೆಯಬೇಕು. ಕೋರ್ಸಿಗೆ ಸೇರಿದ ಮೊದಲ ವಾರ ಕಲಿಸುವ ಸಂಗತಿ.

ನನ್ನ ಕೈಯಲ್ಲಿ ಆಗ ತಾರೀಖು ತೋರಿಸುವ ಕಿಟಕಿಯಿದ್ದ ಹೊಸ ವಾಚು ಇತ್ತು. ವೇಳೆಯನ್ನು ಗೋಡೆ ನೋಡಿ ಬರೆದೆ. ತಾರೀಖನ್ನು ವಾಚು ನೋಡಿ ಬರೆದೆ.

ಅಷ್ಟೇ. ಒಂದು ದಿನದಲ್ಲಿ ಆ ಕಲ್ಲು ನಡೆದ ದಾರಿಯನ್ನು ಎರಡು ದಿನದಲ್ಲಿ ನಡೆದಂತೆ ಲೆಕ್ಕ ಹಾಕಿದೆವು. ಅದರ ವೇಗ ಅರ್ಧವಾಯಿತು. ವಾರದ ಮೇಲೆ ಹುಡುಕಿದಾಗ ಅದು ನಾವು ನೋಡುತ್ತಿದ್ದ ಜಾಗದಿಂದ ಎರಡು ಹುಣ್ಣಿಮೆ ಚಂದ್ರರಷ್ಟು ಮುಂದೆ ಹೋಗಿತ್ತು. ನಾವು ಖಾಲಿ ಆಕಾಶ ನೋಡಿ ತಪ್ಪನ್ನು ಒಬ್ಬ ಮನುಷ್ಯನ ಉಗುರಿನ ಮೇಲೆ ಹೊರಿಸಿದೆವು.

"ರಿಜಿಸ್ಟರಿನಲ್ಲಿ ಸರಿಯಾಗೇ ಇದೆ ಸರ್" ಎಂದಳು ಶ್ರಾವಣಿ. "ಮೊದಲು ಒಂಬತ್ತು ಅಂತ ಬರೆದಿದ್ದಾರೆ. ಆಮೇಲೆ ಯಾರೋ ಕೆಂಪು ಇಂಕಿನಲ್ಲಿ ಹೊಡೆದು ಹತ್ತು ಮಾಡಿದ್ದಾರೆ."

"ನಮ್ಮ ಪ್ರೊಫೆಸರು" ಎಂದೆ ತಕ್ಷಣ.

ಯಾಕೆಂದರೆ ನನಗೆ ಚೆನ್ನಾಗಿ ನೆನಪಿದೆ. ಲೆಕ್ಕಕ್ಕೆ ಕೂರುವ ಮೊದಲು ಲಕೋಟೆಯಲ್ಲಿ ಹತ್ತು, ರಿಜಿಸ್ಟರಿನಲ್ಲಿ ಒಂಬತ್ತು ಇರುವುದನ್ನು ಯಾರೋ ತೋರಿಸಿದರು. ಪ್ರೊಫೆಸರು ತಮ್ಮ ದಪ್ಪ ಕೆಂಪು ಪೆನ್ನು ತೆಗೆದರು. ಅದರ ಕ್ಯಾಪಿನ ತುದಿಯಲ್ಲಿ ಕಚ್ಚಿದ ಗುರುತುಗಳಿದ್ದವು. ಪರ್ರನೆ ಎಳೆದರು. ಆ ಸದ್ದು ಕೂಡ ನೆನಪಿದೆ. (ಅವರು ಈಗಿಲ್ಲ. ಅದು ನನಗೆ ಎಷ್ಟು ಅನುಕೂಲವಾಗಿತ್ತು ಎಂದು ಈಗ ಹೊಳೆಯುತ್ತಿದೆ.)

ಶ್ರಾವಣಿ ಲ್ಯಾಪ್‌ಟಾಪಿನಲ್ಲಿ ರಿಜಿಸ್ಟರಿನ ಆ ಪುಟವನ್ನು ಹಿಗ್ಗಿಸಿದಳು. ಕೆಂಪು ಗೆರೆಯ ಪಕ್ಕದಲ್ಲಿ, ತಿದ್ದಿದವನು ಹಾಕಬೇಕಾದ ಚಿಕ್ಕ ಸಹಿ ಇತ್ತು. ಬ್ಯಾಂಕಿನ ಚೆಕ್ಕಿನಲ್ಲಿ ತಪ್ಪು ಹೊಡೆದಾಗ ಇವತ್ತಿಗೂ ನಾನು ಹಾಕುವುದು ಅದೇ.

ಪೆನ್ನು ನೆನಪಿತ್ತು. ಕ್ಯಾಪು ನೆನಪಿತ್ತು. ಸದ್ದು ನೆನಪಿತ್ತು. ಕೈ ಯಾರದು ಎಂಬುದೊಂದು ತಪ್ಪಿತ್ತು.

ನಾನು ದೇವರನ್ನು ನಂಬುವುದಿಲ್ಲ, ಜಾತಕ ನಂಬುವುದಿಲ್ಲ, ಫಾರ್ವರ್ಡ್ ಮೆಸೇಜು ನಂಬುವುದಿಲ್ಲ. ಈ ಅಂಕಣದಲ್ಲಿ ಅದನ್ನೆಲ್ಲ ನಿಮ್ಮ ತಲೆ ಚಿಟ್ಟು ಹಿಡಿಯುವಷ್ಟು ಬರೆದಿದ್ದೇನೆ. ಪುರಾವೆ ಎಲ್ಲಿ ಎಂದು ಸಿಕ್ಕವರನ್ನೆಲ್ಲ ಕೇಳಿದ್ದೇನೆ. ನನ್ನ ನೆನಪನ್ನು ಮಾತ್ರ ಯಾವತ್ತೂ ಕೇಳಲಿಲ್ಲ. ಎರಡು ಬಿಂದುವಿನಿಂದ ಕಕ್ಷೆ ಬರುವುದಿಲ್ಲ, ಮೂರನೆಯದು ಬೇಕು ಎಂದು ಕಲಿತವನು ನಾನು. ನೆನಪಿಗೆ ಒಂದೇ ಬಿಂದು ಸಾಕು. ಉಳಿದ ಸುತ್ತನ್ನು ತನಗೆ ಬೇಕಾದಂತೆ ತಾನೇ ಎಳೆದುಕೊಳ್ಳುತ್ತದೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಬೀನ್ಸು ಸೋಸುತ್ತಿದ್ದಳು.

"ನಿಮ್ಮ ನೆಪ್ಪಿನ ಮ್ಯಾಲ ನಿಮಗ ಅಷ್ಟ ಭರವಸಾ ಎಲ್ಲಿಂದ ಬಂತ್ರಿ? ನಮ್ಮ ಮದಿವ್ಯಾಗ ನಾ ಯಾವ ಬಣ್ಣದ ಸೀರಿ ಉಟ್ಟಿದ್ದೆ ಹೇಳ್ರಿ ನೋಡೂನು."

"ಹಸಿರು."

"ಅದು ನಮ್ಮ ಅಕ್ಕ."

ಒಂದು ಮಾತು ಕೇಳುತ್ತೇನೆ. ಶರಣಪ್ಪನಂಥ ಕತೆ ನಿಮ್ಮ ಮನೆಯಲ್ಲೂ ಒಂದು ಇರಬೇಕಲ್ಲ? ಕೆಲಸದವಳು ಹೊಸ ಮಿಕ್ಸಿಯನ್ನು ನೀರಲ್ಲಿ ಅದ್ದಿ ತೊಳೆದದ್ದು. ಡ್ರೈವರು ಏರ್‌ಪೋರ್ಟಿಗೆ ಅಂದರೆ ಬಸ್‌ಸ್ಟ್ಯಾಂಡಿಗೆ ಕರೆದೊಯ್ದದ್ದು. ನೆಂಟರು ಬಂದಾಗಲೆಲ್ಲ ಹೊಸದಾಗಿ ನಡೆದಂತೆ ಹೇಳುತ್ತೇವೆ. ಪ್ರತಿ ಸಲ ಅವರು ಇನ್ನಷ್ಟು ಪೆದ್ದರಾಗುತ್ತಾರೆ. ನಾವು ಇನ್ನಷ್ಟು ಸಹನಾಮೂರ್ತಿಗಳಾಗುತ್ತೇವೆ. ಆ ಕತೆಯನ್ನು ಅವರ ಬಾಯಿಂದ ಯಾವತ್ತಾದರೂ ಕೇಳಿದ್ದೀರಾ?

ನಾನು ಕೇಳಲು ಹೊರಟೆ. ಹಾಗೆಂದು ನನ್ನನ್ನು ದೊಡ್ಡವನು ಅಂದುಕೊಳ್ಳಬೇಡಿ. ಹೋಗುವಾಗಲೇ ತಲೆಯಲ್ಲಿ ಮುಂದಿನ ಅಂಕಣ ತಯಾರಾಗಿತ್ತು.

ಹೇಗೆಂದರೆ, ನಮ್ಮ ಹಳ್ಳಿಯ ಹಿರಿಯರಿಗೆ ದಿನ ಬದಲಾಗುವುದು ನಡುರಾತ್ರಿಯಲ್ಲ. ಸೂರ್ಯ ಹುಟ್ಟಿದಾಗ. ಪಂಚಾಂಗದ ಲೆಕ್ಕವೂ ಅದೇ. ಗ್ರೀನ್‌ವಿಚ್ಚಿನಲ್ಲಿ ನಡುರಾತ್ರಿಯಾದಾಗ ನಮ್ಮಲ್ಲಿ ಬೆಳಗಿನ ಐದೂವರೆ. ಹೆಚ್ಚುಕಡಿಮೆ ಸೂರ್ಯ ಹುಟ್ಟುವ ಹೊತ್ತು! ಅಂದರೆ ಶರಣಪ್ಪ ತನ್ನ ಊರಿನ ಪದ್ಧತಿಯಂತೆ ಬೆಳಗಾಗುವವರೆಗೆ ಹಿಂದಿನ ತಾರೀಖನ್ನೇ ಬರೆಯುತ್ತಿದ್ದ. ತನಗೆ ಗೊತ್ತಿಲ್ಲದೆಯೇ ಅವನು ಗ್ರೀನ್‌ವಿಚ್ ತಾರೀಖನ್ನು ಸರಿಯಾಗಿ ಬರೆಯುತ್ತಿದ್ದ. ಸೇಡಂನ ಸೂರ್ಯ, ಲಂಡನ್ನಿನ ಗಡಿಯಾರ. ಎಂಥ ಚಂದದ ಬರಹವಾಗುತ್ತದೆ! ಓದುಗರ ಕಣ್ಣು ಒದ್ದೆಯಾಗುವುದು ಗ್ಯಾರಂಟಿ.

ಬೇಗಂ ಬಜಾರಿನಲ್ಲಿ ಒಂದು ಕಿಲೋ ಬಾದಾಮಿ ಕಟ್ಟಿಸಿಕೊಂಡು, ನಾಂಪಲ್ಲಿಯಲ್ಲಿ ಲೋಕಲ್ ಟ್ರೈನ್ ಹತ್ತಿ ಲಿಂಗಂಪಲ್ಲಿಯಲ್ಲಿ ಇಳಿದೆ. ಹಳೆಯ ಸಿಬ್ಬಂದಿಯೊಬ್ಬರು ವಿಳಾಸ ಕೊಟ್ಟಿದ್ದರು. ಸ್ಟೇಷನ್ನಿನ ಹಿಂದಿನ ಗಲ್ಲಿ. ಕೆಳಗೆ ಜೋಳದ ರೊಟ್ಟಿಯ ಅಂಗಡಿ, ಬೋರ್ಡು ಮಾತ್ರ ತೆಲುಗಿನಲ್ಲಿ. ಒಬ್ಬ ಹೆಂಗಸು ಹಂಚಿನ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಶರಣಪ್ಪನ ಮಗಳು, ಮಲ್ಲಮ್ಮ.

ನನ್ನ ಹೆಸರು ಹೇಳಿದೆ. ಬಡಿಯುವ ಕೈ ನಿಂತಿತು.

"ಪೇಪರಿನ್ಯಾಗ ಬರೀತೀರಲ್ಲ, ಅವರ ಏನ್ರಿ?"

"ಹೌದವ್ವಾ."

"ಬರ್ರಿ" ಎಂದಳು. ಆ 'ಬರ್ರಿ'ಯಲ್ಲಿ ಕೂರಲು ಜಾಗ ಇರಲಿಲ್ಲ.

ಮೇಲಿನ ಕೋಣೆಯಲ್ಲಿ ಶರಣಪ್ಪ ಮಂಚದ ಮೇಲೆ ಕೂತಿದ್ದರು. ಎಂಬತ್ತು ದಾಟಿರಬೇಕು. (ಇಲ್ಲಿಯತನಕ 'ಅವನು' ಎಂದವನು ಈಗ 'ಅವರು' ಎನ್ನುತ್ತಿದ್ದೇನೆ, ಗಮನಿಸಿರಬಹುದು. ಎದುರಿಗೆ ಕೂತಾಗ ಬಹುವಚನ ತಾನಾಗಿ ಬರುತ್ತದೆ. ಬರೆಯುವಾಗ ಯಾಕೆ ಬರುವುದಿಲ್ಲ?) ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು. ಬಾದಾಮಿಯ ಪೊಟ್ಟಣ ಕೈಗಿಟ್ಟೆ. ಒತ್ತಿ ನೋಡಿ ನಕ್ಕರು.

"ಬದಾಮಿ ತಂದೀರಿ ಸರ. ಬರೂವಾಗ ಹಲ್ಲೂ ತರಬೇಕಾಗಿತ್ತು."

ಬಾಯಿ ಪೂರ್ತಿ ಖಾಲಿ. ನಾನೂ ನಕ್ಕೆ. ಹಗುರಾಯಿತು ಅಂದುಕೊಂಡೆ.

ಎಲ್ಲ ಹೇಳಿದೆ. ಗ್ರಹ ಸಿಕ್ಕಿದ್ದು, ಅದು ಗೀರಲ್ಲ ಎಂದು ಖಾತ್ರಿಯಾದದ್ದು, ತಾರೀಖು ನನ್ನದೇ ತಪ್ಪು ಎಂಬುದು. ಫೋನಿನಲ್ಲಿ ಆ ಗೆರೆಯ ಚಿತ್ರ ತೋರಿಸಿದೆ. ಅವರು ಫೋನನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು ನೋಡಿದರು.

"ಈಗ ಎಲ್ಲೈತ್ರಿ ಇದು?"

"ಸೂರ್ಯನ ಆ ಕಡೆ ಹೋಗ್ಯಾದ್ರಿ. ಸದ್ಯ ಕಾಣೂದಿಲ್ಲ. ಅವತ್ತಿಂದ ಏಳು ಸುತ್ತು ಮುಗಿಸಿ ಎಂಟನೇದ್ದು ಹಾಕ್ಲಿಕತ್ತದ."

"ಕಾಣಲಿ ಬಿಡಲಿ. ಐತಲ್ಲ?"

"ಐತಿ."

"ಐತಿ" ಎಂದು ಮಗಳ ಕಡೆ ತಿರುಗಿ ಹೇಳಿದರು. "ಕೇಳಿದಿ ಏನ ಮಲ್ಲವ್ವಾ? ಐತಂತ."

ಅವಳು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲೇ ನಿಂತಿದ್ದಳು.

ಆಗ ನಾನು ನನ್ನ ಚಂದದ ಸಂಗತಿಗೆ ಬಂದೆ. "ಶರಣಪ್ಪನವರ, ನಿಮ್ಮ ಊರ ಕಡೆ ಸೂರ್ಯ ಹುಟ್ಟಿದ ಮ್ಯಾಲ ತಾರೀಖು ಬದಲಿ ಅಂತಾರಲ್ರಿ, ಅದು ಹೆಂಗ ಗ್ರೀನ್‌ವಿಚ್ಚಿಗೆ ಕೂಡಿ ಬಂತು ನೋಡ್ರಿ..." ಎಂದು ಪೂರ್ತಿ ವಿವರಿಸಿದೆ.

ಅವರು ಫೋನನ್ನು ನನ್ನ ಕೈಗೆ ವಾಪಸು ಕೊಟ್ಟರು.

"ಸೂರ್ಯಾ ಹುಟ್ಟೂದಕ್ಕೂ ಇದಕ್ಕೂ ಏನ ಸಂಬಂಧ ಸರ?"

"ಮತ್ತ ನೀವು ಹಿಂದಿನ ತಾರೀಖು..."

"ಗಡಿಯಾರ ನೋಡಿ ಬರದೆ. ಗ್ವಾಡಿ ಮ್ಯಾಲಿನ ಗಡಿಯಾರ. ಅದು ವಿಲಾಯ್ತಿದು, ಐದೂವರಿ ತಾಸು ಹಿಂದ. ಮೊದಲಿದ್ದ ಮೆಕ್ಯಾನಿಕ್ ಹೇಳಿಕೊಟ್ಟಿದ್ದ. ಅದರಾಗ ಹನ್ನೆರಡು ಹೊಡದ ಮ್ಯಾಲ ತಾರೀಖು ಬದಲ ಮಾಡಬೇಕು ಅಂತ. ನಮ್ಮ ಬೆಳಿಗ್ಗಿ ಐದೂವರಿಗೆ ದಿನಾ ನಾನ ಬದಲ ಮಾಡ್ತಿದ್ದೆ. ಅವತ್ತ ರಾತ್ರಿ ನಿಮಗೂ ಹೇಳಿದ್ನಿ. ಸರ, ಗಡಿಯಾರದಾಗ ಇನ್ನಾ ನಿನ್ನೀದ ನಡದೈತಿ, ಲಕೋಟಿ ಮ್ಯಾಲ ಹತ್ತು ಹಾಕೀರಿ ಅಂತ."

"ನಾನೇನು ಅಂದೆ?"

"ವಾಚು ತೋರಿಸಿದ್ರಿ."

ಮಲ್ಲಮ್ಮ ನಕ್ಕಳು. ಒಣ ನಗು.

ಅವರು ಎರಡೂ ಕೈ ಚಾಚಿ ನನ್ನ ಮುಂದೆ ಹಿಡಿದರು. ಬೆರಳ ತುದಿಗಳು ಕಂದು. ಉಗುರುಗಳು ಅರ್ಧಕ್ಕೇ ಮುರಿದು, ಸವೆದು, ಮಾಂಸಕ್ಕೆ ಅಂಟಿಕೊಂಡಿದ್ದವು.

"ಔಷಧಿ ನೀರಾಗ ಹನ್ನೊಂದು ವರ್ಷ ಕೈ ಅದ್ದೀನಿ. ಅವತ್ತೂ ಹಿಂಗ ಇದ್ದವು, ಇವತ್ತೂ ಹಿಂಗ ಅದಾವ. ಇವುರಿಂದ ಗೀರು ಬೀಳ್ತೈತೇನು, ನೀವ ಹೇಳ್ರಿ. ದಿನಾ ಪ್ಲೇಟು ಈ ಕೈಯಿಂದನ ತಗೋತಿದ್ರಿ."

ಎರಡು ವರ್ಷ. ವಾರಕ್ಕೆ ಮೂರು ನಾಲ್ಕು ರಾತ್ರಿ. ಒದ್ದೆ ಪ್ಲೇಟನ್ನು ಅಂಚು ಹಿಡಿದು ಆ ಬೆರಳುಗಳು ನನ್ನ ಬೆರಳಿಗೆ ದಾಟಿಸುತ್ತಿದ್ದವು. ಆಕಾಶದಲ್ಲಿ ಇನ್ನಿಲ್ಲದಷ್ಟು ಸಣ್ಣ ಗೆರೆ ಹುಡುಕುತ್ತಿದ್ದ ಕಣ್ಣಿಗೆ ಅವು ಕಾಣಲಿಲ್ಲ.

"ಸಾಹೇಬ್ರು ಬೈಯುವಾಗ ಒಂದ ಮಾತು ಹೇಳ್ತೀರಿ ಅಂದ್ಕೊಂಡಿದ್ನಿ" ಎಂದರು. ದೂರಿನ ದನಿಯಲ್ಲ. ಬಸ್ಸು ತಪ್ಪಿದ ಸಂಗತಿ ಹೇಳಿದ ಹಾಗೆ. "ನೀವ ಅಲ್ಲೇ ಬಾಜೂಕ ನಿಂತಿದ್ರಿ."

"ನಾ ಇರಲಿಲ್ಲರಿ ಅವತ್ತು. ಮರುದಿನ ಕ್ಯಾಂಟೀನಿನ್ಯಾಗ ಗೊತ್ತಾತು ನನಗ."

"ಇದ್ರಿ ಸರ."

ಮೂರು ವಾರದ ಹಿಂದಾಗಿದ್ದರೆ ವಾದ ಮಾಡುತ್ತಿದ್ದೆ. ಆ ಕ್ಯಾಂಟೀನು, ಆ ಮೇಜು, ಗೆಳೆಯನೊಬ್ಬ ಬಂದು ಸುದ್ದಿ ಹೇಳಿದ್ದು, ಚಹಾದ ಮೇಲಿನ ಕೆನೆ ಕೂಡ ನನಗೆ ಈಗಲೂ ಕಾಣುತ್ತದೆ. ಕಚ್ಚಿದ ಪೆನ್ನಿನ ಕ್ಯಾಪು ಕಂಡಷ್ಟೇ ಸ್ಪಷ್ಟವಾಗಿ.

ಮಲ್ಲಮ್ಮ ಒಳಗೆ ಹೋಗಿ ಪ್ಲಾಸ್ಟಿಕ್ ಚೀಲವೊಂದನ್ನು ತಂದಳು. ಅದರಲ್ಲಿ ನನ್ನ ಅಂಕಣದ ಕತ್ತರಿಸಿದ ಹಾಳೆ. ನನ್ನ ಫೋಟೋ ಸಮೇತ.

"ನನ್ನ ಮಗಳ ನಿಶ್ಚಯ ಇತ್ರಿ ಆ ವಾರ. ಸೇಡಂದಾಗ. ಬೀಗರು ಇದನ್ನ ಎಲ್ಲಾರ ಮುಂದ ಓದಿದ್ರು. 'ಈ ಉಗುರಿನ ಶರಣಪ್ಪ ನೀವ ಏನ್ರಿ ಮುತ್ಯಾ' ಅಂತ ಕೇಳಿದ್ರು. ಮಂದಿ ಬಿದ್ದು ಬಿದ್ದು ನಕ್ಕರು. ಅಪ್ಪಾ ಊಟಾ ಮಾಡದ ಹೊಳ್ಳಿ ಬಂದ. ಆಮ್ಯಾಲ ಊರಿಗೆ ಹೋಗಿಲ್ಲ."

"ತಪ್ಪಾಯ್ತವ್ವಾ. ಈ ವಾರ ಎಲ್ಲಾ ಬರೀತೀನಿ. ಅವರು ಗುಮ್ಮಟ ಕಟ್ಟಿದ್ದು, ಅವರ ಕೈ, ಅವರ ಉಗುರು, ಹೆಂಗ ಅನ್ಯಾಯ ಆತು..."

"ಬ್ಯಾಡ್ರಿ" ಎಂದಳು. "ಅವತ್ತ ನಗಸಾಕ ಬರದ್ರಿ. ಈಗ ಅಳಸಾಕ ಬರೀತೀರಿ. ಸುಮ್ಮ ಇದ್ದದ್ದ ಇದ್ದಂಗ ಬರಿಯಾಕ ಬರಂಗಿಲ್ಲೇನ್ರಿ ನಿಮಗ?"

"ಮಲ್ಲವ್ವಾ" ಎಂದು ಗದರಿದರು ಅಪ್ಪ. ಆಮೇಲೆ ನನ್ನ ಕಡೆ ತಿರುಗಿ, "ಅಕಿ ಮಾತು ಬಿಡ್ರಿ. ಆದ್ರ ಒಂದ ಐತಿ. ಆ ಗುಮ್ಮಟಾ ನಾನ ಕಟ್ಟಿದ್ದು. ಹದಿನಾರು ವರ್ಷ ಅದರ ಗೇಟಿನ್ಯಾಗ ನಿಂತೆ, ಒಳಗ ಹೋಗಾಕ ಬಿಡಲಿಲ್ಲ. ಅದು ಹೋತು. ಅದನ್ನ ಬರಿಯೂದ ಬ್ಯಾಡ. ತಾರೀಖು ಬರೀರಿ. ತಾರೀಖು ನಂದು ಸರಿ ಇತ್ತು. ಅಷ್ಟ."

(ಅವರು ಬೇಡ ಎಂದದ್ದನ್ನೂ ಬರೆದುಬಿಟ್ಟೆ. ನೋಡಿದಿರಾ ಈ ಚಟವನ್ನು?)

ಹೊರಡುವಾಗ ಮಲ್ಲಮ್ಮ ಎರಡು ಬಿಸಿ ರೊಟ್ಟಿ ಕಾಗದದಲ್ಲಿ ಸುತ್ತಿ ಕೊಟ್ಟಳು. ಬಾದಾಮಿಯ ಪೊಟ್ಟಣವನ್ನೂ ಅದರ ಮೇಲಿಟ್ಟಳು. "ನಿಮ್ಗ ಬೇಕಾಗ್ತಾವ್ರಿ" ಎಂದಳು. "ನೆಪ್ಪಿಗೆ ಭಾಳ ಚಲೋ ಅಂತಾರ."

ಟ್ರೈನಿನಲ್ಲಿ ಕೂತು ಶ್ರಾವಣಿಗೆ ಫೋನ್ ಮಾಡಿದೆ. ಪ್ಲೇಟಿನ ವಿವರವನ್ನು ಕಕ್ಷೆಯ ಲೆಕ್ಕ ಇಡುವವರಿಗೆ ಕಳಿಸುವಾಗ ಶರಣಪ್ಪನವರ ಹೆಸರು ಸೇರಿಸಲು ಆಗುತ್ತದೆಯೇ ಎಂದು ಕೇಳಿದೆ. ಫಾರಂನಲ್ಲಿ ಪ್ಲೇಟು ತೆಗೆದವರ ಹೆಸರಿಗೆ, ಅಳತೆ ಮಾಡಿದವರ ಹೆಸರಿಗೆ ಜಾಗವಿದೆಯಂತೆ. ತೊಳೆದವರಿಗೆ ಇಲ್ಲ. ತಾರೀಖು ಸರಿಯಾಗಿ ಬರೆದವರಿಗೂ ಇಲ್ಲ. "ತೆಗೆದವರು ಅಂತ ನಿಮ್ಮ ಹೆಸರೇ ಹೋಗುತ್ತದೆ ಸರ್" ಎಂದಳು. ಅವಳ ತಪ್ಪೇನೂ ಇಲ್ಲ. ಲಕೋಟೆಯ ಮೇಲೆ ಸಹಿ ನನ್ನದು.

ಹೀಗೆ ಆ ಕಲ್ಲಿನ ದಾಖಲೆಯಲ್ಲಿ ನಾನು ಶಾಶ್ವತವಾಗಿ ಉಳಿಯಲಿದ್ದೇನೆ. ನಾಲ್ಕೂವರೆ ವರ್ಷಕ್ಕೊಮ್ಮೆ ಸುತ್ತಿ ಬರುವ ಒಂದು ಸಾಕ್ಷಿ ನನ್ನ ಹೆಸರಿಗೆ ಅಂಟಿಕೊಂಡಿದೆ.

ಹಾಗಾಗಿ ಶರಣಪ್ಪನವರು ಕೇಳಿದ್ದನ್ನು, ಮಲ್ಲಮ್ಮ ಹೇಳಿದಂತೆ ಇದ್ದದ್ದು ಇದ್ದ ಹಾಗೆ, ಇಲ್ಲಿಯೇ ಬರೆಯುತ್ತೇನೆ. ಮೂರು ವರ್ಷದ ಹಿಂದೆ ಉಗುರಿನ ಕತೆ ಅಚ್ಚಾದ ಇದೇ ಜಾಗದಲ್ಲಿ. ಸೇಡಂನ ಬೀಗರು ದಯವಿಟ್ಟು ಇದನ್ನೂ ಎಲ್ಲರ ಮುಂದೆ ಓದಬೇಕು.

ತಾರೀಖು ಒಂಬತ್ತು. ಸರಿಯಾಗಿ ಬರೆದವರು ಶರಣಪ್ಪ. ಹೊಡೆದು ಹಾಕಿದವನು ನಾನು.

ಮೂರು ವಾಕ್ಯ. ಇಷ್ಟು ಬರೆಯಲು ಮೂವತ್ತೈದು ವರ್ಷ ಬೇಕಿತ್ತೇ?